ರಬಾಳೆಯ ರ‍್ಯಾಂಪು, ಹರೀಶನ ಕಂಪ್ಯೂಟರು

ಒದ್ದೆ ಪ್ಲೈವುಡ್ಡಿನ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮೊನ್ನೆ ನಮ್ಮ ಕಟ್ಟಡದ ಕೆಳಗೆ ಯಾರದೋ ಹಳೆಯ ಕಪಾಟು ಮಳೆಯಲ್ಲಿ ನೆನೆದು, ಪದರ ಪದರ ಬಿಟ್ಟುಕೊಂಡು ಬಿದ್ದಿತ್ತು. ತರಕಾರಿ ಚೀಲ ಹಿಡಿದು ಅದರ ಪಕ್ಕ ಹೋಗುತ್ತಿದ್ದವಳು ಅಲ್ಲೇ ನಿಂತೆ. ಆ ಅಂಟಿನ, ಮುಗ್ಗಿದ ಮರದ ವಾಸನೆಯಲ್ಲಿ ಒಂದು ಇಡೀ ಮಳೆಗಾಲ ಇತ್ತು. ಒಳ್ಳೆಯ ನೆನಪು ಎಂದು ಹೇಳಲಾರೆ. ಮನೆಯಲ್ಲಿದ್ದ ನಾಲ್ಕು ಜನರ ತಲೆಯೂ ಕೆಟ್ಟುಹೋದ ವರ್ಷ ಅದು.

ನಾನು ಕಲಿತದ್ದು ನಾಲ್ಕನೇ ಕ್ಲಾಸು. ಉಡುಪಿ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದೆ. ಗಂಡನಿಗೆ ಹೋಟೆಲಿನಲ್ಲಿ ಕೆಲಸ ಇರುವಷ್ಟು ವರ್ಷ ಅಲ್ಲಿದ್ದೆ. ಅವರು ಹೋದ ಮೇಲೆ ಮಗ ಹರೀಶನ ಜೊತೆ ಘಣಸೋಲಿಗೆ ಬಂದೆ. ಹರೀಶನದು ಮದುವೆಯ ವೀಡಿಯೋ ಎಡಿಟ್ ಮಾಡುವ ಕೆಲಸ. ಬೇರೆಯವರು ಎರಡು ದಿನ ಕ್ಯಾಮೆರಾದಲ್ಲಿ ಹಿಡಿದು ತಂದದ್ದನ್ನು ಇವನು ಮನೆಯ ಹಾಲಿನ ಮೂಲೆಯಲ್ಲಿ ಕುಳಿತು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಒಂದು ಗಂಟೆಗೆ ಇಳಿಸಿ ಕೊಡುತ್ತಾನೆ. ಸೊಸೆ ಶೋಭಾ ಥಾಣೆಯ ಒಂದು ಆಫೀಸಿಗೆ ಹೋಗುತ್ತಾಳೆ. ಇವರಿಬ್ಬರಿಗೆ ಒಬ್ಬಳೇ ಮಗಳು, ಅನ್ವಿತಾ. ನಾವು ಅನ್ನು ಎನ್ನುತ್ತೇವೆ. ಆಗ ಅವಳು ಹನ್ನೊಂದನೇ ಕ್ಲಾಸು. ಮನೆಯಲ್ಲಿ ತುಳು, ಕನ್ನಡ ಎರಡೂ ನಡೆಯುತ್ತದೆ. ಅನ್ನು ಎರಡನ್ನೂ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ.

ಅವಳಿಗೆ ಹಿಡಿದಿದ್ದದ್ದು ಗಾಲಿ ಬೂಟಿನ ಹುಚ್ಚು. ಬೂಟಿನ ಅಡಿಯಲ್ಲಿ ಒಂದರ ಹಿಂದೆ ಒಂದು ನಾಲ್ಕು ಗಾಲಿ. ನೆಲದ ಮೇಲೆ ಓಡಿದರೆ ನಾನು ಏನೂ ಹೇಳುತ್ತಿರಲಿಲ್ಲ. ಇವಳು ಓಡುತ್ತಿದ್ದದ್ದು ಗೋಡೆಯ ಮೇಲೆ. ರಬಾಳೆಯ ಕಾರ್ಖಾನೆಗಳ ನಡುವೆ, ಒಂದು ಮುಚ್ಚಿದ ಶೆಡ್ಡಿನ ಹಿಂದೆ, ನಿಲೇಶ್ ಎಂಬ ಮರಾಠಿ ಕೋಚು ಒಂದು ರ‍್ಯಾಂಪು ಕಟ್ಟಿಸಿದ್ದ. ದೊಡ್ಡ ಕೊಳವೆಯನ್ನು ಉದ್ದಕ್ಕೆ ಸೀಳಿ ಅಂಗಾತ ಮಲಗಿಸಿದರೆ ಹೇಗೋ ಹಾಗೆ. ಒಳಗೆ ಕಳಂಬೋಲಿಯಿಂದ ತಂದ ಹಳೆಯ ಕಬ್ಬಿಣ, ಮೇಲೆ ಪ್ಲೈವುಡ್ಡು. ಎರಡೂ ಬದಿಯ ಗೋಡೆ ಬಾಗುತ್ತ ಬಾಗುತ್ತ ಹೋಗಿ ಕೊನೆಗೆ ನೆಟ್ಟಗೆ ನಿಲ್ಲುತ್ತದೆ. ಅದಕ್ಕೇ ಆ ಆಟಕ್ಕೆ ವರ್ಟ್, ಅಂದರೆ ನೆಟ್ಟಗಿನದು, ಎನ್ನುವುದಂತೆ. ಈ ಬದಿಯ ತುದಿಯಿಂದ ಇಳಿದು, ಆ ಬದಿಯ ತುದಿ ದಾಟಿ ಗಾಳಿಗೆ ಹಾರಿ, ಅಲ್ಲೇ ಸುತ್ತು ತಿರುಗಿ, ಮತ್ತೆ ಅದೇ ಗೋಡೆಗೆ ಗಾಲಿ ತಾಗಿಸಿ ಇಳಿಯಬೇಕು. ತಾಗದಿದ್ದರೆ ಎರಡು ಆಳಿನ ಎತ್ತರದಿಂದ ಕೆಳಗೆ.

ಆ ವರ್ಷ ಜೂನಿನಲ್ಲಿ ಮನೆಯಲ್ಲಿ ಒಂದು ಒಪ್ಪಂದ ಆಯಿತು. ದಸರಾ ಮುಗಿದ ಭಾನುವಾರ ಅದೇ ರ‍್ಯಾಂಪಿನಲ್ಲಿ ಒಂದು ಸ್ಪರ್ಧೆ ಇತ್ತು. ನಡೆಸುವವರು ಹೊರಗಿನವರು, ಬರುವ ಹುಡುಗಿಯರು ಬೇರೆ ಬೇರೆ ಊರಿನವರು. ಅದರಲ್ಲಿ ಆಡಬೇಕೆಂದು ಅನ್ನು ಹಟ ಹಿಡಿದಳು.

"ಈ ವರ್ಷ ಒಂದು ಆಡ್ಲಿ," ಎಂದಳು ಶೋಭಾ. "ಬರುವ ವರ್ಷ ಹನ್ನೆರಡನೇದು. ಮತ್ತೆ ಆ ಬೂಟು ನಾನು ಈ ಮನೆಯಲ್ಲಿ ನೋಡ್ಲಿಕ್ಕಿಲ್ಲ."

ಹರೀಶ ಹೌದು ಹೌದು ಎಂದು ತಲೆಯಾಡಿಸಿದ. ಹೆಂಡತಿ ಹೇಳಿದ್ದಕ್ಕೆ ತಲೆಯಾಡಿಸುವುದು ಅವನ ಅಪ್ಪನಿಂದ ಬಂದ ಗುಣ. ಅನ್ನು ಒಪ್ಪಿದಳು. ಒಂದೇ ವರ್ಷ, ಒಂದೇ ಸ್ಪರ್ಧೆ.

ಅಪ್ಪ ಅಮ್ಮ ಇಬ್ಬರಿಗೂ ಕೆಲಸ. ಹಾಗಾಗಿ ಅವಳ ಜೊತೆ ಹೋಗುವುದು ನನ್ನ ತಲೆಗೆ ಬಂತು. ಘಣಸೋಲಿಯಿಂದ ರಬಾಳೆಗೆ ರೈಲಿನಲ್ಲಿ ಒಂದೇ ಸ್ಟೇಶನ್. ಆದರೆ ಮಳೆಗಾಲದಲ್ಲಿ ಆ ಒಂದು ಸ್ಟೇಶನ್ನಿಗೆ ಒಂದು ಗಂಟೆ ಹಿಡಿದದ್ದೂ ಉಂಟು. ಇಳಿದ ಮೇಲೆ ಲಾರಿಗಳು ಕೆಸರು ಮಾಡಿದ ರಸ್ತೆಯಲ್ಲಿ ನಡೆಯಬೇಕು. ಅಲ್ಲಿಗೆ ಹೋಗಿ ನೋಡಿದರೆ ಟಾರ್ಪಾಲು ಹರಿದು ರ‍್ಯಾಂಪಿನ ಹೊಟ್ಟೆಯಲ್ಲಿ ನೀರು. ಪ್ಲೈವುಡ್ಡು ಉಬ್ಬಿ ಸ್ಕ್ರೂ ತಲೆ ಎತ್ತಿರುತ್ತಿತ್ತು. ನೀರು ಬಳಿದು, ಹಳೆಯ ಬೆಡ್‌ಶೀಟಿನಲ್ಲಿ ಒರೆಸಿ, ಶೆಡ್ಡಿನ ಫ್ಯಾನು ಎಳೆದು ತಂದು ಒಣಗಿಸಿ, ಇನ್ನೇನು ಆಡಬಹುದು ಎನ್ನುವಾಗ ಮತ್ತೆ ಮಳೆ. ನಾನೂ ಒಂದು ದಿನ ಸೀರೆ ಎತ್ತಿ ಕಟ್ಟಿ ಒರೆಸಲು ಇಳಿದೆ.

"ಆಜೀ, ನಕೋ, ಪಾಯ ಘಸರೇಲ," ಎಂದು ನಿಲೇಶ್ ಓಡಿ ಬಂದ. ಕಾಲು ಜಾರುತ್ತದಂತೆ.

"ಅವಳು ತಲೆಕೆಳಗೆ ಹಾರುವಾಗ ನಿನಗೆ ಹೆದರಿಕೆ ಇಲ್ಲ. ನಾನು ನೆಲ ಒರೆಸುವಾಗ ಉಂಟಾ?" ಎಂದೆ ಅರ್ಧ ಮರಾಠಿಯಲ್ಲಿ.

ಅನ್ನು ಕಲಿಯುತ್ತಿದ್ದದ್ದು ಗಾಳಿಯಲ್ಲಿ ಒಂದೂವರೆ ಸುತ್ತು. ಒಂದು ಸುತ್ತು ಅವಳಿಗೆ ಬರುತ್ತಿತ್ತು. ಆ ಅರ್ಧಕ್ಕೆ ಇಡೀ ಮಳೆಗಾಲ ಬಿದ್ದಳು. ಮಂಡಿಗೆ ಕಟ್ಟಿದ ದಪ್ಪ ಪ್ಯಾಡಿನ ಮೇಲೆ ಜಾರಿ ಬರುತ್ತಿದ್ದಳು, ಎದ್ದು ಮತ್ತೆ ಮೆಟ್ಟಿಲು ಹತ್ತುತ್ತಿದ್ದಳು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಅವಲಕ್ಕಿ ಡಬ್ಬಿ ಹಿಡಿದು ನೋಡುತ್ತಿದ್ದೆ. ಮೊದಮೊದಲು ಕಣ್ಣು ಮುಚ್ಚುತ್ತಿದ್ದೆ. ಆಮೇಲೆ ಮುಚ್ಚುವುದನ್ನು ಬಿಟ್ಟೆ. ಎಷ್ಟು ಸಲ ಅಂತ ಮುಚ್ಚುವುದು?

ಸೆಪ್ಟೆಂಬರಿನಲ್ಲಿ ಒಂದು ದಿನ ಆ ಒಂದೂವರೆ ಸುತ್ತು ಬಂತು. ಮರುದಿನ ಮತ್ತೆ ಬಂತು. ನಿಲೇಶ್ ತನ್ನ ಹೊಸ ಕ್ಯಾಮೆರಾದಲ್ಲಿ ಹಿಡಿದುಕೊಂಡ. ಕಷ್ಟದ ಕೆಲಸ ಮುಗಿಯಿತು ಎಂದುಕೊಂಡೆ. ನಿಜವಾದ ಕಾಟ ಶುರುವಾದದ್ದು ಅಲ್ಲಿಂದ.

ಸ್ಪರ್ಧೆಗೆ ಸುಮ್ಮನೆ ಹೋಗಿ ನಿಲ್ಲುವ ಹಾಗಿಲ್ಲ. ಎರಡು ನಿಮಿಷದ ಒಂದು ವೀಡಿಯೋ ಮಾಡಿ ಕಳಿಸಬೇಕು. ಅದನ್ನು ನೋಡಿ ಎಂಟು ಹುಡುಗಿಯರನ್ನು ಆರಿಸುತ್ತಾರೆ. ಕಳಿಸಲು ಕೊನೆಯ ಗಳಿಗೆ ಮಹಾನವಮಿಯ ದಿನ ಸಂಜೆ ಆರು. ಮನೆಯಲ್ಲೇ ವೀಡಿಯೋ ಎಡಿಟ್ ಮಾಡುವವನು ಇರುವಾಗ ಚಿಂತೆ ಎಂಥದ್ದು ಎಂದು ನಾನೇ ನಿಲೇಶನ ಎದುರು ಜಂಭ ಕೊಚ್ಚಿ ಬಂದಿದ್ದೆ.

ಹರೀಶ ಕೆಲಸಕ್ಕೆ ಕುಳಿತ. ಎರಡು ದಿನ ಪರದೆಯ ಮುಂದಿನಿಂದ ಏಳಲಿಲ್ಲ.

"ಎಂತ ಉಂಟು ಅದರಲ್ಲಿ? ನಿನ್ನೆಯಿಂದ ಒಂದೇ ಪರದೆ ನೋಡ್ತಾ ಇದ್ದಿ," ಎಂದೆ.

"ಫೈಲು ಓಪನ್ ಆಗುದಿಲ್ಲ ಅಮ್ಮ. ಅವರ ಕ್ಯಾಮೆರಾ ಹೊಸತು. ನನ್ನ ಎಡಿಟಿಂಗ್ ಸಾಫ್ಟ್‌ವೇರ್ ಹಳೆದು."

"ಹೊಸತು ಹಾಕು."

"ಹೊಸತು ಹಾಕ್ಲಿಕ್ಕೆ ಹೋದ್ರೆ ಈ ಆಪರೇಟಿಂಗ್ ಸಿಸ್ಟಮ್ ಆಗುದಿಲ್ಲ ಹೇಳ್ತದೆ."

"ಅದನ್ನೂ ಹೊಸತು ಹಾಕು."

"ಹಾಕಿದ್ರೆ ನನ್ನ ಹಳೆ ಸಾಫ್ಟ್‌ವೇರ್ ನಡೆಯುದಿಲ್ಲ. ಕಳಂಬೋಲಿಯವರ ಮದುವೆ ಅದರಲ್ಲಿ ಅರ್ಧ ಆಗಿ ಕೂತಿದೆ. ಮದುಮಗಳು ಇನ್ನೂ ಮಂಟಪಕ್ಕೇ ಬರ್ಲಿಲ್ಲ."

ಕಳಂಬೋಲಿಯವರು ಎಂದರೆ ನಮ್ಮ ಕಡೆಯವರೇ, ಕಬ್ಬಿಣದ ವ್ಯಾಪಾರಿಗಳು. ಮದುಮಗಳ ತಾಯಿ ದಿನಕ್ಕೊಂದು ಫೋನು ಮಾಡುತ್ತಿದ್ದಳು.

"ಈ ಆಪರೇಟಿಂಗ್ ಸಿಸ್ಟಮ್ ಅಂದ್ರೆ ಯಾರದು?" ಎಂದು ಕೇಳಿದೆ.

"ಹೋಟೆಲಿನ ಮ್ಯಾನೇಜರ್ ಅಂತ ಇಟ್ಟುಕೋ. ಒಳಗೆ ಯಾರು ಕೆಲಸ ಮಾಡಬೇಕಾದ್ರೂ ಅವನು ಒಪ್ಪಬೇಕು."

ಅರ್ಥವಾಯಿತು. ಹಳೆಯ ಮ್ಯಾನೇಜರಿಗೆ ಹೊಸ ಅಡುಗೆ ಭಟ್ಟರು ಆಗುವುದಿಲ್ಲ. ಹೊಸ ಮ್ಯಾನೇಜರಿಗೆ ಹಳೆಯ ಭಟ್ಟರು ಆಗುವುದಿಲ್ಲ. ಇಬ್ಬರ ಜಗಳದಲ್ಲಿ ಗಿರಾಕಿ ಮಾತ್ರ ಎಲೆ ಮುಂದೆ ಕುಳಿತು ಹಸಿದೇ ಏಳಬೇಕು. ನನ್ನ ಗಂಡ ಮೂವತ್ತು ವರ್ಷ ಹೋಟೆಲಿನಲ್ಲಿ ದುಡಿದರು, ಇಂಥ ಹೋಟೆಲು ಒಂದು ವಾರ ನಡೆದದ್ದನ್ನು ನಾನು ಕಂಡಿಲ್ಲ. ಈ ಕಂಪ್ಯೂಟರಿನವರು ಇದನ್ನು ಊರಿಡೀ ಮಾರಿದ್ದಾರೆ.

ಹರೀಶ ಗೆಳೆಯರಿಗೆ ಫೋನು ಹಚ್ಚಿದ. ಡೊಂಬಿವಲಿಯವನು ಹೊಸ ಕಂಪ್ಯೂಟರೇ ತೆಗೆದುಕೋ ಎಂದ. ಕಲ್ಯಾಣದವನು ವೀಡಿಯೋವನ್ನೇ ಹಳೆಯ ಬಗೆಗೆ ಬದಲಿಸು ಎಂದ. ಥಾಣೆಯವನು ಏನನ್ನೂ ಮುಟ್ಟಬೇಡ ಎಂದ. ಕಲ್ಯಾಣದವನ ಮಾತು ಕೇಳಿ ಬದಲಿಸಿ ನೋಡಿದ. ಮೊದಲ ಸಲ ಸದ್ದೇ ಇಲ್ಲ. ಎರಡನೇ ಸಲ ಸದ್ದು ಬಂತು, ಅನ್ನು ಹಸಿರಾಗಿದ್ದಳು. ಮೂರನೇ ಸಲ ಅವಳು ಗಾಳಿಗೆ ಹಾರಿದವಳು ಇಳಿಯಲೇ ಇಲ್ಲ, ಚಿತ್ರ ಅಲ್ಲೇ ನಿಂತಿತು.

"ಪಪ್ಪಾ, ಮೈ ಫೋನ್ ಪೆ ಕರ್ ಲೂಂಗಿ ನಾ. ಆಧಾ ಘಂಟಾ ಲಗೇಗಾ," ಎಂದಳು ಅನ್ನು. ಫೋನಿನಲ್ಲೇ ಅರ್ಧ ಗಂಟೆಯಲ್ಲಿ ಮುಗಿಸುತ್ತಾಳಂತೆ.

ನನಗೆ ಸರಿ ಕಂಡಿತು. ಹರೀಶನಿಗೆ ಮುಖಕ್ಕೆ ಹೊಡೆದ ಹಾಗಾಯಿತು. "ಇಪ್ಪತ್ತು ವರ್ಷ ಊರವರ ಮಕ್ಕಳದ್ದು ಚಂದ ಮಾಡಿ ಕೊಟ್ಟವ ನಾನು. ನನ್ನ ಮಗಳದ್ದು ಫೋನಿನಲ್ಲಿ ಮಾಡ್ಲಿಕ್ಕೆ ನಾನೆಂತ ಸತ್ತಿದ್ದೇನಾ?"

ಇಡೀ ಮಳೆಗಾಲ ಒಂದು ದಿನವೂ ರಬಾಳೆಗೆ ಬಂದು ಮಗಳು ಆಡುವುದನ್ನು ನೋಡಿದವನಲ್ಲ. ಈಗ ನಿಲೇಶ್ ಫೋನಿಗೆ ಕಳಿಸಿದ ಮಸುಕು ಚಿತ್ರವನ್ನೇ ಊಟದ ತಟ್ಟೆ ಮುಂದಿಟ್ಟುಕೊಂಡು ಹತ್ತು ಸಲ ನೋಡುತ್ತಿದ್ದ. ಅನ್ನ ಆರುತ್ತಿತ್ತು. ಅವಳಿಗಾಗಿ ಏನಾದರೂ ತಾನೇ ಮಾಡಬೇಕೆಂದು ಅವನಿಗೆ ಆಸೆ ಬಂದಿತ್ತು, ಅದು ನನಗೆ ಕಾಣುತ್ತಿತ್ತು. ಆಸೆ ಬರಲಿ. ಆದರೆ ಗಡಿಯಾರ ನೋಡಿಕೊಂಡು ಬರಬೇಕು.

ಕೊನೆಗೆ ಅವನು ಒಂದು ತೀರ್ಮಾನಕ್ಕೆ ಬಂದ. ಕಳಂಬೋಲಿಯವರ ಮದುವೆಯನ್ನು ಬೇರೆ ಡಿಸ್ಕಿಗೆ ತುಂಬಿ ತೆಗೆದಿಡುವುದು, ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವುದು, ಹೊಸ ಸಾಫ್ಟ್‌ವೇರಿನಲ್ಲಿ ಅನ್ನುವಿನ ವೀಡಿಯೋ ಮುಗಿಸುವುದು. ಮದುವೆಯ ಪಾಡು ಆಮೇಲೆ ನೋಡಿಕೊಳ್ಳುವುದು. ತೀರ್ಮಾನ ಸರಿಯೇ ಇತ್ತು. ಅದನ್ನು ಮಾಡಲು ಅವನು ಆರಿಸಿದ್ದು ನವಮಿಯ ಬೆಳಿಗ್ಗೆಯನ್ನು. ಅದನ್ನು ನನಗೆ ಹೇಳಲಿಲ್ಲ.

ನವಮಿ ನಮ್ಮಲ್ಲಿ ಆಯುಧಪೂಜೆ. ಮನೆಯಲ್ಲಿ ಕತ್ತರಿಸುವುದು, ತಿರುಗುವುದು, ಓಡುವುದು ಯಾವುದಿದೆಯೋ ಎಲ್ಲ ಆ ದಿನ ನಿಲ್ಲಬೇಕು. ಮೆಟ್ಟುಕತ್ತಿ, ಮಿಕ್ಸಿ, ಹೊಲಿಗೆ ಮಿಷನ್ನು, ಇಸ್ತ್ರಿ ಪೆಟ್ಟಿಗೆ, ಶೋಭಾಳ ಸ್ಕೂಟರಿನ ಕೀಲಿ, ಎಲ್ಲವನ್ನೂ ಒರೆಸಿ ದೇವರ ಮುಂದೆ ಇಟ್ಟು, ಗಂಧ ಕುಂಕುಮ ಹಚ್ಚಿ ಹೂ ಇಡುತ್ತೇವೆ. ವಯರು ಇದ್ದದ್ದರ ವಯರು ಕೀಳಬೇಕು. ಪೂಜೆ ಮಾಡಿಸಿಕೊಳ್ಳುವಾಗ ದುಡಿಸಬಾರದು ಎಂಬುದು ಕ್ರಮ. ದಶಮಿಯ ಬೆಳಿಗ್ಗೆ ಇನ್ನೊಂದು ಆರತಿ ಎತ್ತುವವರೆಗೆ ಯಾರೂ ಮುಟ್ಟುವಂತಿಲ್ಲ. ನಾನು ತರಕಾರಿಯನ್ನೂ ಅಷ್ಟಮಿಯ ದಿನವೇ ಹೆಚ್ಚಿ ಇಡುವವಳು.

ಬೆಳಿಗ್ಗೆ ಹರೀಶ ಹೂವಿಗೆ ಕೋಪರ್‌ಖೈರಾಣೆ ಮಾರ್ಕೆಟ್ಟಿಗೆ ಹೋಗಿದ್ದ. ಶೋಭಾ ಸ್ನಾನಕ್ಕೆ ಹೋಗಿದ್ದಳು, ಅನ್ನು ಮಲಗಿದ್ದಳು. ನಾನು ಒದ್ದೆ ಬಟ್ಟೆ ಹಿಡಿದು ಒಂದೊಂದೇ ಒರೆಸುತ್ತ ಬಂದೆ. ಅನ್ನುವಿನ ಗಾಲಿ ಬೂಟನ್ನೂ ಒರೆಸಿ ಮಣೆಯ ಮೇಲಿಟ್ಟೆ. ಕಂಪ್ಯೂಟರಿನ ಪರದೆ ಕಪ್ಪಗಿತ್ತು. ಮೇಜಿನ ಕೆಳಗಿನ ಡಬ್ಬದಲ್ಲಿ ಒಂದು ನೀಲಿ ದೀಪ ಮಿಣುಕುತ್ತಿತ್ತು. ಕಾಣಲಿಲ್ಲ ಎಂದು ಸುಳ್ಳು ಹೇಳಲಾರೆ. ಕಂಡಿತು. ರಾತ್ರಿ ಆರಿಸಲು ಮರೆತಿದ್ದಾನೆ ಎಂದುಕೊಂಡು ವಯರು ಎಳೆದೆ. ಡಬ್ಬವನ್ನು ಎತ್ತಿ ತಂದು ಮಿಕ್ಸಿಯ ಪಕ್ಕ ಕೂರಿಸಿ ಮೂರು ಬೊಟ್ಟು ಕುಂಕುಮ ಇಟ್ಟೆ.

ಹರೀಶ ಸೇವಂತಿಗೆ ಮಾಲೆ ಹಿಡಿದು ಒಳಗೆ ಬಂದವನು ಚಪ್ಪಲಿ ಬಿಡುವುದನ್ನೂ ಮರೆತು ನಿಂತ.

"ಅಮ್ಮ, ಇದರ ವಯರು?"

"ತೆಗೆದೆ."

"ಯಾವಾಗ?"

"ನೀನು ಹೂವಿಗೆ ಹೋದಾಗ."

ಅವನು ಮಾಲೆಯ ಸಮೇತ ನೆಲದ ಮೇಲೆ ಕುಳಿತುಬಿಟ್ಟ. "ಅದು ಅರ್ಧ ಆಗಿತ್ತು."

"ಎಂತದು ಅರ್ಧ?"

"ಹೊಸ ಆಪರೇಟಿಂಗ್ ಸಿಸ್ಟಮ್. ಐದು ಗಂಟೆಗೆ ಎದ್ದು ಹಾಕಿದ್ದೆ. ಹಳೆದನ್ನು ತೆಗೆದಿತ್ತು, ಹೊಸತು ಪೂರ್ತಿ ಬಂದಿರ್ಲಿಲ್ಲ. ಮಧ್ಯದಲ್ಲಿ ಕರೆಂಟು ತೆಗಿಬಾರ್ದು."

"ಹೇಳಿ ಹೋಗ್ಲಿಕ್ಕೆ ಬಾಯಿ ಇರ್ಲಿಲ್ವಾ ನಿನಗೆ?"

"ಹೇಳಿದ್ರೆ ನವಮಿ ದಿನ ಮಿಷನ್ ನಡೆಸ್ಲಿಕ್ಕೆ ನೀನು ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ. ಅದಕ್ಕೇ ಪರದೆ ಆರಿಸಿ ಕಳ್ಳನ ಹಾಗೆ ಹೋಗಿದ್ದ. ಅವನೂ ಸರಿ, ನಾನೂ ಸರಿ. ನಡುವೆ ಕಂಪ್ಯೂಟರು ಸತ್ತಿತು.

ಮಾತು ಕೇಳಿ ಅನ್ನು ಎದ್ದು ಬಂದಳು. ಡಬ್ಬವನ್ನು ನೋಡಿದಳು, ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ. ಅವಳು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿತು.

ನಾನು ತಟ್ಟೆಯಲ್ಲಿ ಕರ್ಪೂರ ಹಚ್ಚಿ ಆರತಿ ಎತ್ತಿದೆ. "ಡಬ್ಬ ತೆಗಿ. ವಯರು ಹಾಕಿ ನೋಡು," ಎಂದೆ.

"ಅತ್ತೆ, ನಾಳೆವರೆಗೆ ಮುಟ್ಟಬಾರ್ದು ಅಂತ ವರ್ಷ ವರ್ಷ ನೀವೇ ಹೇಳುದು," ಎಂದಳು ಶೋಭಾ.

"ನಾಳೆವರೆಗೆ ಅವರ ಆರು ಗಂಟೆ ಕಾಯ್ತದಾ? ದೇವರಿಗೆ ನಾನು ಹೇಳಿಕೊಳ್ತೇನೆ."

ಹರೀಶ ವಯರು ಹಾಕಿದ. ಕಪ್ಪು ಪರದೆ, ಮೂಲೆಯಲ್ಲಿ ಒಂದು ಬಿಳಿ ಗೆರೆ, ಮಿಣಕ್ ಮಿಣಕ್. ಆರಿಸಿ ಮತ್ತೆ ಹಾಕಿದ, ಅದೇ ಗೆರೆ. ಡೊಂಬಿವಲಿಗೆ ಫೋನು, ಕಲ್ಯಾಣಕ್ಕೆ ಫೋನು. ಥಾಣೆಯವನು ಮುಟ್ಟಬೇಡ ಎಂದು ಮೊದಲೇ ಹೇಳಿದ್ದೆನಲ್ಲ ಎಂದ. ಹರೀಶ ಊಟ ಮಾಡಲಿಲ್ಲ. ನಾಲ್ಕು ಗಂಟೆಯವರೆಗೆ ನೋಡಿದೆ. ಆಮೇಲೆ ಹೋಗಿ ನಾನೇ ಇನ್ನೊಮ್ಮೆ ವಯರು ಕಿತ್ತೆ.

"ಸಾಕು. ಅನ್ನು, ಫೋನು ತಾ."

ಅವಳು ಫೋನು ಹಿಡಿದೇ ಕುಳಿತಿದ್ದಳು. ನಿಲೇಶನ ದೊಡ್ಡ ಫೈಲುಗಳು ಅದರಲ್ಲಿ ಹಿಡಿಸುವುದಿಲ್ಲ, ಮಸುಕು ಪ್ರತಿಯಲ್ಲೇ ಮಾಡಬೇಕು.

"ಅದರಲ್ಲಿ ಮುಖವೇ ಕಾಣುದಿಲ್ಲ," ಎಂದ ಹರೀಶ.

"ಹೆಲ್ಮೆಟ್ ಹಾಕಿದ್ರೆ ಮುಖ ಎಲ್ಲಿ ಕಾಣ್ತದೆ ಮಾರಾಯ? ಅವರು ಕಾಲು ನೋಡ್ತಾರೆ, ಹೆಣ್ಣು ನೋಡ್ಲಿಕ್ಕೆ ಬರುದಲ್ಲ."

ಸ್ವಲ್ಪ ಹೊತ್ತು ಅವನು ದೂರ ಕುಳಿತ. ಆಮೇಲೆ ಹತ್ತಿರ ಬಂದ. ಆಮೇಲೆ ಅವಳ ಹೆಗಲ ಮೇಲಿಂದ ಬಗ್ಗಿದ. "ಅಲ್ಲಿ ಕತ್ತರಿಸಬೇಡ. ಗಾಲಿ ಗೋಡೆಗೆ ತಾಗಿದ ಮೇಲೆ ಎರಡು ಎಣಿಸಿ ಕತ್ತರಿಸು. ಇಲ್ಲದಿದ್ರೆ ಬಿದ್ದಿದ್ದಾಳೆ ಅಂದುಕೊಳ್ತಾರೆ."

"ಓಕೆ."

"ಒಂದೂವರೆ ಸುತ್ತು ಮೊದಲಿಗೇ ಹಾಕು. ಎಲ್ಲ ನೋಡುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಕೊನೆಗೆ ಹೆಸರು ಬರುವಾಗ ಸ್ವಲ್ಪ ಗುಲಾಬಿ ದಳ ಬಿದ್ದ ಹಾಗೆ..."

"ಪಪ್ಪಾ, ಶಾದಿ ನಹೀ ಹೈ."

ಮದುವೆ ಅಲ್ಲ ಇದು ಎಂದು ಮಗಳು ಹೇಳಿದ್ದಕ್ಕೆ ಶೋಭಾ ಅಡುಗೆಮನೆಯಿಂದಲೇ ನಕ್ಕಳು. ಆ ದಿನದ ಮೊದಲ ನಗು. ಆರಕ್ಕೆ ಹತ್ತು ನಿಮಿಷ ಇರುವಾಗ ವೀಡಿಯೋ ಹೋಯಿತು.

ಕಳಂಬೋಲಿಯವಳ ಫೋನು ಮರುದಿನ ಬಂದಾಗ ನಾನೇ ತೆಗೆದುಕೊಂಡೆ. "ವಯರು ಕಿತ್ತವಳು ನಾನು. ನಿಮ್ಮ ಮಗಳ ಮದುವೆ ಬೇರೆ ಡಿಸ್ಕಿನಲ್ಲಿ ಭದ್ರ ಉಂಟು. ಸ್ವಲ್ಪ ತಡ ಆಗ್ತದೆ. ಮದುವೆ ಅಂತೂ ಆಗಿ ಹೋಗಿದೆಯಲ್ಲ, ಅದಕ್ಕೆ ಬಾಧಕ ಇಲ್ಲ," ಎಂದೆ. ಆಕೆ ಮತ್ತೆ ಒಂದು ವಾರ ಫೋನು ಮಾಡಲಿಲ್ಲ.

ಎಂಟು ಜನರ ಪಟ್ಟಿಯಲ್ಲಿ ಅನ್ನುವಿನ ಹೆಸರು ಬಂತು.

ಸ್ಪರ್ಧೆಯ ದಿನ ನಾಲ್ವರೂ ರಬಾಳೆಗೆ ಹೋದೆವು. ಹರೀಶ ಯಾರದೋ ಕ್ಯಾಮೆರಾ ಬೇಡಿ ತಂದಿದ್ದ. ರ‍್ಯಾಂಪಿಗೆ ಹೊಸ ಟಾರ್ಪಾಲು ಬಂದಿತ್ತು, ಪ್ಲೈವುಡ್ಡು ಅದೇ ಹಳೆಯದು, ಅದೇ ವಾಸನೆ. ಬೇರೆ ಊರಿನ ಹುಡುಗಿಯರು ಗಾಳಿಯಲ್ಲಿ ಎರಡೆರಡು ಸುತ್ತು ಹಾಕುತ್ತಿದ್ದರು. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇವಳು ಗೆಲ್ಲುವುದಿಲ್ಲ. ಶೋಭಾ ಮೊದಲ ಸಲ ಅಷ್ಟು ಎತ್ತರದಲ್ಲಿ ಮಗಳನ್ನು ಕಂಡು ನನ್ನ ಮಣಿಕಟ್ಟು ಹಿಡಿದಳು. ಬಳೆ ಒತ್ತಿ ಗಾಯವಾಯಿತು.

ಒಬ್ಬೊಬ್ಬರಿಗೆ ಮೂರು ಅವಕಾಶ. ಮೊದಲನೆಯದರಲ್ಲಿ ಅನ್ನು ಎರಡನೇ ಹಾರಿಕೆಗೇ ಬಿದ್ದು ಮಂಡಿಯ ಮೇಲೆ ಜಾರಿ ಬಂದಳು. ಎರಡನೆಯದರಲ್ಲಿ ಹೆದರಿ ಒಂದೇ ಸುತ್ತು ಹಾಕಿದಳು. ಮೂರನೆಯದಕ್ಕೆ ತುದಿಯಲ್ಲಿ ನಿಂತು ಬಹಳ ಹೊತ್ತು ಕೆಳಗೆ ನೋಡಿದಳು. ಇಳಿದಳು, ಹಾರಿದಳು, ಒಂದೂವರೆ ಸುತ್ತು ಹಾಕಿದಳು, ಗಾಲಿ ಗೋಡೆಗೆ ತಾಗಿತು. ಆ ಬದಿ ಹೋಗಿ ಈ ಬದಿ ಬಂದು ಪೂರ್ತಿ ಮುಗಿಸಿದಳು.

ಏಳನೆಯವಳಾದಳು. ಎಂಟನೆಯವಳಿಗೆ ಜ್ವರ ಇತ್ತು.

ವಾಪಸು ಬರುವಾಗ ರೈಲಿನಲ್ಲಿ ಕೂರಲು ಜಾಗ ಸಿಕ್ಕಿತು. ಹರೀಶ ನನ್ನ ಪಕ್ಕ ಕುಳಿತು ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಹಿಡಿದದ್ದನ್ನು ನೋಡುತ್ತಿದ್ದ. ಎದುರಿಗೆ ತಾಯಿ ಮಗಳು.

"ಆಯ್ತಲ್ಲ. ಮಾತು ಕೊಟ್ಟ ಹಾಗೆ ಇನ್ನು ಓದಿನ ಕಡೆ ನೋಡು," ಎಂದಳು ಶೋಭಾ.

"ಹ್ಞೂಂ," ಎಂದಳು ಅನ್ನು. ಹಿಂದಿಯಲ್ಲಿ ವಾದ ಇಲ್ಲ, ಮರಾಠಿಯಲ್ಲಿ ಗೊಣಗಾಟ ಇಲ್ಲ. ಬೂಟಿನ ಚೀಲವನ್ನು ತೊಡೆಯ ಮೇಲಿಂದ ತೆಗೆದು ಸೀಟಿನ ಅಡಿಗೆ ತಳ್ಳಿದಳು.

ಹರೀಶ ತಲೆ ಎತ್ತಲಿಲ್ಲ. "ಮೂರನೇದು ಸರಿ ಬರ್ಲಿಲ್ಲ," ಎಂದ.

"ಎಂತ ಸರಿ ಬರ್ಲಿಲ್ಲ?" ಎಂದಳು ಶೋಭಾ.

"ವೀಡಿಯೋ. ಒಂದೂವರೆ ಸುತ್ತಿನದ್ದು. ಫೋಕಸ್ ಹೋಗಿದೆ. ಇನ್ನೊಮ್ಮೆ ತೆಗಿಬೇಕು. ಬರುವ ಭಾನುವಾರ ಬರ್ತೇವೆ ಅಂತ ನಿಲೇಶ್ ಸರ್‌ಗೆ ಹೇಳಿದ್ದೇನೆ."

ಆ ಪರದೆ ನನ್ನ ಕಣ್ಣ ಮುಂದೆಯೇ ಇತ್ತು. ಅನ್ನು ಇಳಿದಳು, ಹಾರಿದಳು, ತಿರುಗಿದಳು, ಗಾಲಿ ತಾಗಿತು. ಬೂಟಿನ ಕೆಂಪು ಲಾಡಿಯೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಶೋಭಾ ನನ್ನ ಮುಖ ನೋಡಿದಳು, ಹೌದಾ ಎಂದು ಕೇಳುವ ಹಾಗೆ.

"ಮಸುಕು ಮಸುಕು ಉಂಟು," ಎಂದೆ.

ಘಣಸೋಲಿ ಬರುವವರೆಗೆ ಅವಳು ಕಿಟಕಿಯ ಹೊರಗೆ ನೋಡಿದಳು. ರೈಲು ನಿಧಾನವಾಗುವಾಗ ಎದ್ದು ಸೆರಗು ಸರಿ ಮಾಡಿಕೊಂಡಳು. "ಭಾನುವಾರ ನನಗೆ ಬಟ್ಟೆ ಒಗಿಲಿಕ್ಕುಂಟು. ನೀವೇ ಹೋಗಿ ಬನ್ನಿ," ಎಂದು ಬಗ್ಗಿ, ಸೀಟಿನ ಅಡಿಯಿಂದ ಚೀಲ ಎಳೆದು ಮಗಳ ಕೈಗೆ ಕೊಟ್ಟಳು.